ಅರಬ್ಬೀ ಸಮುದ್ರ ಸಾಹೇಬ್ರಿಗೆ ಬೆಳಗಾವಿಯಿಂದ ಒಂದು ವಿನಂತಿ

ಮ.ರಾ.ರಾ. ಅರಬ್ಬೀ ಸಮುದ್ರ ಸಾಹೇಬ್ರಿಗೆ,

ಬೆಳಗಾವಿಯ ಟಿಳಕವಾಡಿಯಿಂದ, ಪಟ್ಟಿ-ತೆರಿಗೆ ವೇಳೆಗೆ ಸರಿಯಾಗಿ ತುಂಬುವ ಒಬ್ಬ ನಾಗರಿಕನ ನಮಸ್ಕಾರಗಳು. ಉಭಯ ಕುಶಲೋಪರಿ. ತಾವು ಈಗಿರುವ ಜಾಗ ಬಿಟ್ಟು, ಚೋರ್ಲಾ ಘಾಟ ಹತ್ತಿ, ಕಣಕುಂಬಿ, ಜಾಂಬೋಟಿ ಮಾರ್ಗವಾಗಿ ನಮ್ಮೂರಿಗೆ ಬಂದು ಕಾಯಂ ನೆಲೆಸಬೇಕೆಂದು ಕೋರಿ ಈ ಪತ್ರ. ರಸ್ತೆ ಕೆಟ್ಟಿದೆ ಅನ್ನುವ ನೆಪ ಬೇಡ. ನಮ್ಮ ಕಾಯಿಪಲ್ಲೆ ಬೆಳಗಾದರೆ ಘಾಟ ಇಳಿದು ಗೋವಾ ಮುಟ್ಟುತ್ತದೆ. ಶನಿವಾರ ಸಂಜೆಯಾದರೆ ಅರ್ಧ ಬೆಳಗಾವಿಯೂ ಇಳಿಯುತ್ತದೆ. ನೀವೇ ಇಲ್ಲಿಗೆ ಬಂದರೆ ಪೆಟ್ರೋಲ್ ಉಳಿದೀತು. ನಿಮ್ಮ ದಂಡೆಯ ಮೇಲೆ ನಾವು ಬಿಟ್ಟು ಬರುವ ಬಾಟಲಿಗಳನ್ನು ಅಷ್ಟು ದೂರ ಹೊತ್ತೊಯ್ಯುವ ಕೆಲಸವೂ ತಪ್ಪೀತು.

ಕರೆಯುವುದಕ್ಕೆ ಕಾರಣವಿದೆ. ಈಗ ಕಡಲದಂಡೆಯ ಓಣಿಗಳಿಗೆ ಶುಕ್ರದೆಸೆ. ಹೊನ್ನಾವರದ ಕಾಸರಕೋಡ, ಉಡುಪಿ ಕಡೆಯ ಪಡುಬಿದ್ರಿ ಎರಡಕ್ಕೂ 2020ರಲ್ಲಿ ಸ್ವಚ್ಛ ಕಡಲತೀರದ ಮನ್ನಣೆಯ ಬಾವುಟ, ಬ್ಲೂ ಫ್ಲ್ಯಾಗ್ ಸಿಕ್ಕಿತು. ಅದೇ ವರ್ಷ ಜನವರಿಯಲ್ಲಿ ಕಾರವಾರದ ಮೀನುಗಾರರು, ಬಂದರು ವಿಸ್ತರಣೆ ತಮ್ಮ ಟ್ಯಾಗೋರ್ ಕಡಲತೀರವನ್ನು ನುಂಗಿಹಾಕುತ್ತದೆ ಎಂದು ಬೀದಿಗಿಳಿದರು. ಕಡಲದಂಡೆಗಾಗಿ ಊರೇ ಕೂಡುವುದು ನಮ್ಮಲ್ಲಷ್ಟೇ ಅಲ್ಲ. ಇಂಗ್ಲೆಂಡಿನ ಹೇಸ್ಟಿಂಗ್ಸ್ ಎಂಬ ಊರಲ್ಲಿ, ಕಡಲೊಳಗೆ ಚಾಚಿಕೊಂಡಿದ್ದ ಹಳೆಯ ಅಟ್ಟಣೆ 2010ರಲ್ಲಿ ಸುಟ್ಟುಹೋದಾಗ ಊರವರು ಷೇರು ಕೊಂಡು ರೊಕ್ಕ ಕೂಡಿಸಿದರು. 2016ರಲ್ಲಿ ಅದು ಮತ್ತೆ ತೆರೆಯಿತು. 2017ರಲ್ಲಿ ಆ ದೇಶದ ವಾಸ್ತುಶಿಲ್ಪದ ದೊಡ್ಡ ಬಹುಮಾನವೂ ಬಂತು. ಸಾಲದಲ್ಲಿ ಸಿಕ್ಕಿದ ಅದು ಮರುವರ್ಷ ಖಾಸಗಿಯವರ ಪಾಲಾಯಿತು. ಅಲ್ಲಿಯತನಕ ಪರದೇಶದ ಸುದ್ದಿ ಎಂದು ಓದುತ್ತಿದ್ದವನಿಗೆ, ಈ ಕೊನೆಯ ಸಾಲು ಓದಿದ ಮೇಲೆ ಇವರು ನಮ್ಮವರೇ ಅನ್ನಿಸಿತು.

ನಮ್ಮಲ್ಲೂ ಎಲ್ಲ ತಯಾರಿ ಮುಗಿದಿದೆ. ಸಮುದ್ರ ಒಂದು ಬಾಕಿ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬೆಳಗಾವಿಯ ಹೆಸರು ಬಂತಲ್ಲ, ಅಂದಿನಿಂದ ನೀರಿನ ದಂಡೆ ಸಿಂಗರಿಸುವ ಕ್ರಮ ಇಲ್ಲಿ ಎಲ್ಲರಿಗೂ ಬಾಯಿಪಾಠ. ಕೆರೆಗೆ ನೀರು ತರುವ ಕಾಲುವೆ ಎಲ್ಲಿದೆ ಎಂದು ಮೊದಲಿಗೆ ಕೇಳಬಾರದು. ಕೇಳಿದರೆ ಅದರ ಮೇಲೆ ಯಾರ ಬಂಗಲೆ ನಿಂತಿದೆ ಎಂದೂ ಕೇಳಬೇಕಾಗುತ್ತದೆ. ಅದಕ್ಕೇ ನೇರ ಟೈಲ್ಸಿನಿಂದ ಶುರು. ಆಮೇಲೆ ಸ್ಟೀಲ್ ಕಂಬಿ, ಬಣ್ಣದ ದೀಪ, ಕಾರಂಜಿ, ಸಿಮೆಂಟಿನ ಜಿಂಕೆ, ಊರನ್ನು ಪ್ರೀತಿಸುತ್ತೇವೆಂದು ಸಾರುವ ಆಳೆತ್ತರದ ಅಕ್ಷರಗಳು. ಕಾರಂಜಿ ಕೆಡುತ್ತದೆ. ಕೆಡಲೇಬೇಕು, ಇಲ್ಲದಿದ್ದರೆ ದುರಸ್ತಿಯ ಟೆಂಡರು ಎಲ್ಲಿಂದ ಬರಬೇಕು? ನೀರು ಹಸಿರಾದರೆ ಹಸಿರು ನಗರ. ಇಷ್ಟೆಲ್ಲ ಆಗುವಾಗ ಕೆರೆಯ ತಳದ ಹೂಳು ಯಾರ ಗೊಡವೆಗೂ ಹೋಗದೆ ತನ್ನ ಪಾಡಿಗೆ ಮೇಲೇಳುತ್ತಿರುತ್ತದೆ.

ನಿಮ್ಮ ಮೇಲೆ ಒಂದು ಸಣ್ಣ ತಕರಾರಿದೆ. ಬ್ಲೂ ಫ್ಲ್ಯಾಗಿಗಿಂತ ದೊಡ್ಡ ಬಾವುಟದ ಏರ್ಪಾಡನ್ನು ನಾವೇ ಮಾಡಿಕೊಂಡಿದ್ದೆವು. ಕೋಟೆ ಕೆರೆಯ ದಂಡೆಯ ಮೇಲೆ 2018ರಲ್ಲಿ 110 ಮೀಟರಿನ ಧ್ವಜಸ್ತಂಭ ನಿಲ್ಲಿಸಿದೆವು. ದೇಶದಲ್ಲೇ ಎತ್ತರದ್ದು ಎಂದು ಆಗ ಎದೆಯುಬ್ಬಿಸಿ ಹೇಳಿಕೊಂಡೆವು. ಅಷ್ಟು ಮೇಲೆ ಹೋದಾಗ ಎದುರಾದದ್ದು ತಮ್ಮ ಗಾಳಿ. ಅಷ್ಟು ದೊಡ್ಡ ಬಟ್ಟೆ ಅದಕ್ಕೆ ತಾಳುವುದಿಲ್ಲ, ಇಳಿಸಬೇಕಾಗುತ್ತದೆ. ನೀವು ಇಲ್ಲೇ ಕೋಟೆಯ ಪಕ್ಕ ನೆಲೆಸಿದರೆ ಗಾಳಿಯ ವಿಷಯವನ್ನು ಎದುರಾಬದುರಾ ಕೂತು ಬಗೆಹರಿಸಿಕೊಳ್ಳಬಹುದು.

ಇನ್ನೊಂದು ವಿಷಯ ಮುಚ್ಚಿಡುವುದಿಲ್ಲ. ಟೈಲ್ಸ್ ಬಿಟ್ಟು ಹೂಳಿಗೆ ಕೈಹಾಕುವ ಕೆಲವು ಅಡ್ನಾಡಿ ಜನ ಈ ಊರಲ್ಲಿದ್ದಾರೆ. ಬರುವ ಮುಂಚೆ ಇವರ ಬಗ್ಗೆ ತಿಳಿದುಕೊಂಡಿರುವುದು ಒಳ್ಳೆಯದು.

ಬೆಳಗಾವಿ ಮೂಲದಲ್ಲಿ ಬಾವಿಗಳ ಊರು. 1960ರ ದಶಕದಲ್ಲಿ ಮಾರ್ಕಂಡೇಯ ನದಿಯ ರಾಕಸಕೊಪ್ಪ ಜಲಾಶಯದಿಂದ ನಳದ ನೀರು ಬರುವತನಕ ಓಣಿ ಓಣಿಯ ಬಾವಿಯೇ ಊರಿಗೆ ಆಧಾರ. ನಳ ಬಂತು, ಬಾವಿ ಕಸದ ಡಬ್ಬಿಯಾಯಿತು. 1995ರ ಸುಮಾರಿನ ಬರದಲ್ಲಿ ರಾಕಸಕೊಪ್ಪ ಕೈಕೊಟ್ಟಾಗ, ‘ನಿಮ್ಮ ಕಾಲ ಕೆಳಗೇ ನೀರಿದೆ, ಮುಚ್ಚಿದ ಬಾವಿ ತೆರೆಯಿರಿ’ ಎಂದು ಭೂವಿಜ್ಞಾನಿ ಬಿ.ಕೆ. ಪುರಂದರೆ ಅವರಂಥವರು ಹೇಳಿದರು. ಆಶ್ಚರ್ಯವೆಂದರೆ ಪಾಲಿಕೆ ಆ ಮಾತು ಕೇಳಿತು. ಹಳೆಯ ಬಾವಿಗಳು ಒಂದೊಂದಾಗಿ ಬಾಯಿ ಬಿಟ್ಟವು, ನೀರು ನಳಕ್ಕೆ ಏರಿತು. ಹೊಸ ಆಣೆಕಟ್ಟಿಲ್ಲ, ಮುಳುಗಡೆ ಇಲ್ಲ, ನೆರೆರಾಜ್ಯದ ಮೇಲೆ ಖಟ್ಲೆ ಇಲ್ಲ. ಇಂಥ ಯೋಜನೆಗೆ ಮುಂದೆ ಯಾವ ಭವಿಷ್ಯವಿದ್ದೀತು, ನೀವೇ ಹೇಳಿ.

ಹಾಳುಬಾವಿಯ ಹೂಳು ತೆಗೆಯುವುದನ್ನು ಒಮ್ಮೆ ನೋಡಬೇಕು ಸಾಹೇಬ್ರ. ಮೊದಲು ಗೋಡೆಯ ಕಲ್ಲುಸಂದಿಯಲ್ಲಿ ಬೇರೂರಿದ ಅರಳಿ ಗಿಡ ಕಡಿಯಬೇಕು. ಕಡಿದರೂ ಅದು ಮರುಮಳೆಗೆ ಮತ್ತೆ ಚಿಗುರುತ್ತದೆ. ಪಂಪ್ ಹಚ್ಚಿ ಕರಿನೀರು ಎತ್ತಿದ ಮೇಲೆ ಹಗ್ಗ ಹಿಡಿದು ಇಬ್ಬರು ಕೆಳಗೆ ಇಳಿಯುತ್ತಾರೆ. ರಬ್ಬರ್ ಬುಟ್ಟಿಯಲ್ಲಿ ರಾಡಿ ಮೇಲೆ ಬರುತ್ತದೆ. ಅದರೊಳಗೆ ನಮ್ಮ ಧರ್ಮ, ರಾಜಕಾರಣ ಎರಡೂ ಇರುತ್ತವೆ. ಪ್ಲಾಸ್ಟರ್ ಗಣಪತಿಯ ತೋಳು, ಗಾಜೊಡೆದ ದೇವರ ಫೋಟೊ, ಗಂಟು ಬಿಚ್ಚದೆ ಎಸೆದ ನಿರ್ಮಾಲ್ಯದ ಪ್ಲಾಸ್ಟಿಕ್ ಚೀಲ, ಶುಭಾಶಯ ಕೋರುವ ಮುಖಂಡರ ಫ್ಲೆಕ್ಸು. ಫ್ಲೆಕ್ಸ್ ಕೊಳೆಯುವುದಿಲ್ಲ, ಮುಖಂಡರು ಹೂಳಿನೊಳಗೂ ಕೈಮುಗಿದೇ ನಗುತ್ತಿರುತ್ತಾರೆ. ಅದರ ಕೆಳಗೆ ಯಾವ ಕಾಲದ್ದೋ ನೆಗ್ಗಿದ ಕೊಡ, ಅದರ ಕೆಳಗೆ ಗೊರಚು ಮಣ್ಣು. ಆಮೇಲೆ ಸಂಜೆಯ ಹೊತ್ತಿಗೆ ಕಲ್ಲಿನ ಒಂದು ಮೂಲೆ ಒದ್ದೆಯಾಗಿ ಸೆಲೆ ಒಡೆಯುತ್ತದೆ. ಮೇಲಿದ್ದವರು ಬಗ್ಗಿ ನೋಡಿ, ‘ಬಂತು, ಬಂತು ನೋಡ್ರಿ’ ಎನ್ನುತ್ತಾರೆ. ಅಷ್ಟೇ ಸಮಾರಂಭ. ಬಾವಿಯ ತಳದಲ್ಲಿ ರಿಬ್ಬನ್ ಕಟ್ಟಲು ಜಾಗವಿಲ್ಲ, ಗಣ್ಯರನ್ನು ಹಗ್ಗಕ್ಕೆ ಕಟ್ಟಿ ಇಳಿಸುವ ಪದ್ಧತಿ ಇನ್ನೂ ಬಂದಿಲ್ಲ. ಪ್ಯಾಸ್ ಫೌಂಡೇಶನ್ ಎಂಬ ಸಂಸ್ಥೆಯವರಂತೂ ದಾನಿಗಳನ್ನು, ಕಂಪನಿಗಳನ್ನು ಹಿಡಿದು ಇದೇ ಚಾಳಿಯನ್ನು ಸುತ್ತಲಿನ ಕೆರೆಗಳಿಗೂ ಹಚ್ಚಿದ್ದಾರೆ.

ಈ ಚಾಳಿಯ ಮೂಲ ಹುಡುಕಿದರೆ ನಮ್ಮ ಟಿಳಕವಾಡಿಗೇ ಬರಬೇಕು. 1924ರ ಡಿಸೆಂಬರ್ 26, 27ರಂದು ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಎಲ್ಲ ಏರ್ಪಾಡಿನ ಹಿಂದೆ ಗಂಗಾಧರರಾವ ದೇಶಪಾಂಡೆ. ಡೇರೆಗಳ ಊರಿಗೆ ವಿಜಯನಗರ ಎಂದು ಹೆಸರಿಟ್ಟರು, ಬಂದವರಿಗೆ ಕುಡಿಯಲು ಬಾವಿ ತೋಡಿ ಅದನ್ನು ಪಂಪಾ ಸರೋವರ ಎಂದರು. ಡೇರೆ ಹೋದವು, ಬಾವಿ ಉಳಿಯಿತು. ನಾವು ಅದನ್ನು ಈಗಲೂ ಕಾಂಗ್ರೆಸ್ ಬಾವಿ ಎನ್ನುತ್ತೇವೆ, ಯಾವ ಪಕ್ಷದವರೇ ಇರಲಿ. 2012ರಲ್ಲಿ ಸುವರ್ಣ ವಿಧಾನಸೌಧ ಎದ್ದ ಮೇಲೆ ಇಲ್ಲಿ ವಿಧಾನಮಂಡಲದ ಚಳಿಗಾಲದ ಅಧಿವೇಶನಗಳು ನಡೆಯುತ್ತ ಬಂದಿವೆ. ಹೋಟೆಲುಗಳು ತುಂಬುತ್ತವೆ, ಕುಂದಾದ ಡಬ್ಬಿಗಳು ಬೆಂಗಳೂರಿಗೆ ಹೋಗುತ್ತವೆ, ಬಾಟಲಿ ನೀರಿನ ಖಾಲಿ ಬಾಟಲಿಗಳು ನಮಗೆ ಉಳಿಯುತ್ತವೆ. ಅಧಿವೇಶನಕ್ಕೊಂದು ಬಾವಿ ತೋಡುವ ಗಾಂಧಿ ಕಾಲದ ದುಂದುವೆಚ್ಚವನ್ನು ಇಂದಿನ ಸರ್ಕಾರಗಳು ಕಟ್ಟುನಿಟ್ಟಾಗಿ ನಿಲ್ಲಿಸಿವೆ.

ನೀವು ಬಂದ ಮೇಲೆ ಅಕ್ಕಪಕ್ಕದವರ ಪರಿಚಯ ಬೇಕಲ್ಲ. ಕಪಿಲೇಶ್ವರ ಹೊಂಡ ಇಷ್ಟು ದಿನ ನಿಮ್ಮ ಬದಲಿ ಕೆಲಸ ನೋಡಿಕೊಂಡಿದೆ. ಮುಂಬೈಯವರಿಗೆ ಗಣಪತಿ ಬಿಡಲು ಚೌಪಾಟಿ ಇದ್ದರೆ ನಮಗೆ ಈ ಹೊಂಡ. ಅನಂತ ಚತುರ್ದಶಿಯ ಮೆರವಣಿಗೆ ಮರುದಿನದವರೆಗೂ ನಡೆಯುತ್ತದೆ, ಹೊಂಡ ಚಿಕ್ಕದು, ಮೂರ್ತಿಗಳು ವರ್ಷ ವರ್ಷ ಬೆಳೆಯುತ್ತಿವೆ. ಪಾಪ, ಅದಕ್ಕೆ ನಿವೃತ್ತಿ ಕೊಡಬೇಕು.

ಇನ್ನು ಬಳ್ಳಾರಿ ನಾಲಾ. ಹೆಸರು ಬಳ್ಳಾರಿಯದು, ಬದುಕು ಬೆಳಗಾವಿಯ ಗಟಾರಿನದು. ಬೇಸಿಗೆಯಲ್ಲಿ ಊರಿನ ಹೊಲಸು ಹೊರುತ್ತದೆ; ಮಳೆಗಾಲದಲ್ಲಿ ಶಹಾಪುರ, ವಡಗಾವಿ, ಅನಗೋಳದ ಗದ್ದೆಗಳಿಗೆ ನುಗ್ಗಿ ಸಮುದ್ರದ ಪಾತ್ರ ವಹಿಸುತ್ತದೆ. ಆ ಗದ್ದೆಗಳಲ್ಲಿ ಬೆಳೆಯುವುದು ಬೆಳಗಾವಿ ಬಾಸುಮತಿ. ಒಂದು ಮನೆಯಲ್ಲಿ ಅನ್ನಕ್ಕಿಟ್ಟರೆ ಓಣಿಗೆಲ್ಲ ಗೊತ್ತಾಗುವ ಅಕ್ಕಿ. ನಾಲಾದ ಹೂಳೆತ್ತಿ, ಒತ್ತುವರಿ ತೆಗೆಯಿರಿ ಎಂದು ರೈತರು ಮಳೆಗಾಲ ಬಂದಾಗಲೆಲ್ಲ ಮನವಿ ಕೊಡುತ್ತಾರೆ. ಮೊದಲು ಕಚೇರಿಯಲ್ಲಿ ತುಂಬಿರುವ ಮನವಿಗಳ ಹೂಳೆತ್ತಬೇಕಾಗಿರುವುದರಿಂದ ನಾಲಾದ ಸರದಿ ಬಂದಿಲ್ಲ.

ಈಗ ಮುಖ್ಯ ವಿಷಯ. ತಮ್ಮ ಮೇಲೆ ನಮ್ಮ ಭಾಗದಲ್ಲಿ ಬಹಳ ಹಳೆಯ ಆರೋಪವೊಂದಿದೆ: ‘ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ’. ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿ ಹುಟ್ಟಿ ಪಶ್ಚಿಮಕ್ಕೆ ಇಳಿದು, ಗೋವಾದಲ್ಲಿ ಮಾಂಡವಿಯಾಗಿ ಪಣಜಿಯ ಬಳಿ ನಿಮ್ಮನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಪೂರ್ವಕ್ಕೆ ತಿರುಗಿ ಕೂಡಲಸಂಗಮದಲ್ಲಿ ಕೃಷ್ಣೆಯ ಕೈಹಿಡಿಯುತ್ತಾಳೆ. ಮಹದಾಯಿ ನೀರಿನ ಜಗಳಕ್ಕೆ ಕೂತ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ನಮಗೆ 13.42 ಟಿಎಂಸಿ ಅಡಿ ಹಂಚಿತು. ಅದರಲ್ಲಿ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಬೇಕಾದದ್ದು 3.9. 2020ರ ಫೆಬ್ರವರಿಯಲ್ಲಿ ಗೆಜೆಟ್ ಆಯಿತು, ನೀರು ಮಾತ್ರ ಇನ್ನೂ ಹಳೆಯ ದಾರಿಯಲ್ಲೇ ಇಳಿಯುತ್ತಿದೆ. ಈ ನೀರಿಗಾಗಿ 2015ರಲ್ಲಿ ನರಗುಂದದ ರೈತರು ಧರಣಿ ಕೂತದ್ದು ಹುಡುಗಾಟಕ್ಕಲ್ಲ, ಹುಬ್ಬಳ್ಳಿ-ಧಾರವಾಡದ ನಳ ದಿನಗಟ್ಟಲೆ ಒಣಗುವುದೂ ಸುಳ್ಳಲ್ಲ. ಅವರ ಬಾಯಾರಿಕೆಯ ಬಗ್ಗೆ ನಗುವಷ್ಟು ನಾಚಿಕೆಗೆಟ್ಟಿಲ್ಲ ನಾನು.

ನನ್ನ ಬುದ್ಧಿಗೆ ನಿಲುಕದ್ದು ಆ ‘ವ್ಯರ್ಥ’ದ ಲೆಕ್ಕ. ನೀವು ಜೂನಿನಲ್ಲಿ ಮೋಡ ಕಟ್ಟಿ ಘಾಟ ಹತ್ತಿಸಿ ಕಳಿಸುತ್ತೀರಿ. ಕಣಕುಂಬಿ, ಆಮಗಾಂವದ ಕಾಡಿಗೆ ಆಗುಂಬೆಗೆ ಸಡ್ಡು ಹೊಡೆಯುವ ಮಳೆ. ಅದರಲ್ಲೊಂದು ಪಾಲು ನಿಮ್ಮ ಮನೆಗೆ ವಾಪಸಾದರೆ ವ್ಯರ್ಥ. ಬೆಳಗಾವಿಯ ಮೇಲೆ ಬಿದ್ದ ಮಳೆ ಟೈಲ್ಸಿನ ಮೇಲೆ ಜಾರಿ, ಗಟಾರ ಸೇರಿ, ಬಾಸುಮತಿ ಕೊಳೆಸಿ ಹೋದರೆ ವ್ಯರ್ಥವಲ್ಲ. ಓಣಿಯ ಬಾವಿಯ ನೀರು ಫ್ಲೆಕ್ಸಿನ ಕೆಳಗೆ ಉಸಿರುಕಟ್ಟಿ ಕೂತರೂ ವ್ಯರ್ಥವಲ್ಲ. ಟಿಎಂಸಿಯಲ್ಲಿ ಅಳೆಯುವ ನೀರು ಮಾತ್ರ ನೀರು, ಕೊಡದಲ್ಲಿ ಅಳೆಯುವುದು ಬರೀ ತೇವ. ಆಣೆಕಟ್ಟಿಗೆ ಮೈಲುಗಟ್ಟಲೆ ಫೈಲು ಓಡಿಸುವವರಿಗೆ ತಮ್ಮ ಓಣಿಯ ಬಾವಿಯಲ್ಲಿ ಬಗ್ಗಿ ನೋಡಲು ಸೊಂಟನೋವು.

ದಾರಿಯಲ್ಲಿ ಬರುವಾಗ ಭೀಮಗಡದ ಹಳ್ಳಿಗಳಲ್ಲಿ ಒಂದು ರಾತ್ರಿ ತಂಗಿ. 2011ರಲ್ಲಿ ಅದು ಅಭಯಾರಣ್ಯವಾಯಿತು. ಬರಾಪೇಡೆ ಗುಹೆಯ ಅಪರೂಪದ ಬಾವಲಿಗಳಿಗೆ ಒಂದು ವಿಳಾಸ ಸಿಕ್ಕಿತು. ಅವುಗಳ ನೆರೆಯ ಜನಕ್ಕೆ ಸೇತುವೆ ಸಿಕ್ಕಲಿಲ್ಲ. ಆ ಕಡೆ ಮಳೆ ಹಿಡಿಯುವ ಮುಂಚೆ ಊರವರೇ ಕೂಡಿ ಬಿದಿರು, ಕಟ್ಟಿಗೆ, ಬಳ್ಳಿ ಬಿಗಿದು ಹಳ್ಳಕ್ಕೆ ಕಾಲುಸಂಕ ಹಾಕಿಕೊಳ್ಳುತ್ತಾರೆ. ಬೊಡ್ಡೆ ಹಿಡಿಯಲು ನಾಲ್ಕು ಜನ, ಆಚೆ ದಡದಲ್ಲಿ ಹಗ್ಗ ಎಳೆಯಲು ಇಬ್ಬರು, ನಡುವೆ ನೀರಲ್ಲಿ ಸೊಂಟಮಟ ನಿಂತು ಬೈಯಲು ಒಬ್ಬ ಹಿರಿಯ. ಶಾಲೆಯ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರೆ ಲೋಕಾರ್ಪಣೆ ಮುಗಿಯಿತು. ರೋಗಿಯಾದರೆ ಹೆಗಲ ಮೇಲೆ ದಾಟಬೇಕು. ಎರಡು ರಾಜ್ಯಗಳು ಇಂಚಿಂಚಿಗೆ ಅಳೆದು ಜಗಳಾಡುವ ನೀರು ಇವರ ಅಂಗಳದಲ್ಲೇ ಹರಿಯುತ್ತದೆ. ಯಾವ ತೀರ್ಪಿನಲ್ಲೂ ಇವರ ಸಂಕದ ಬಿದಿರಿಗೆ ಅನುದಾನವಿಲ್ಲ. ಸಮುದಾಯ ಸಹಭಾಗಿತ್ವ ಎಂದು ವರದಿ ಬರೆಯುವವರಿಗೆ ಇದು ಹೊಳೆದಿಲ್ಲವೇನೋ. ಹೊಳೆದರೆ ಅಲ್ಲೂ ಟೈಲ್ಸ್ ಹಾಕಿಬಿಟ್ಟಾರು, ಹೇಳಬೇಡಿ.

ಬಂದ ಮೇಲಿನ ಕಾಗದಪತ್ರದ ವ್ಯವಹಾರವನ್ನೂ ಹೇಳಿಬಿಡುತ್ತೇನೆ. ನೀವು ದಂಡೆ ಮುಟ್ಟಿದ ದಿನವೇ ನೀವು ಯಾರ ಸಮುದ್ರ ಎಂಬ ಪ್ರಶ್ನೆ ಏಳುತ್ತದೆ. ಮಹಾರಾಷ್ಟ್ರದವರು 2004ರಿಂದ ಸುಪ್ರೀಂ ಕೋರ್ಟಿನಲ್ಲಿ ನಮ್ಮ ಗಡಿ ಕೇಳುತ್ತಿದ್ದಾರೆ, ನಿಮ್ಮನ್ನೂ ಅದಕ್ಕೆ ಸೇರಿಸಬಹುದು. ಗೋವಾದವರು ನಿಮ್ಮನ್ನು ಅಕ್ರಮವಾಗಿ ತಿರುಗಿಸಲಾಗಿದೆ ಎಂದು ತಡೆಯಾಜ್ಞೆ ತರುತ್ತಾರೆ. ನಿಮ್ಮ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಲೇಬೇಕು, ಇಲ್ಲದಿದ್ದರೆ ಮಸಿ ಬೀಳುತ್ತದೆ. ಇದ್ದರೆ ಇನ್ನೊಬ್ಬರು ಬಂದು ಹಚ್ಚುತ್ತಾರೆ. ಅಲೆಗಳು ಯಾವ ಭಾಷೆಯಲ್ಲಿ ಬಡಿಯಬೇಕೆಂದು ಪಾಲಿಕೆಯ ಸಭೆಯಲ್ಲಿ ಗದ್ದಲವಾಗುತ್ತದೆ, ಮೇಯರ್ ಸಭೆ ಮುಂದೂಡುತ್ತಾರೆ. ನೀವು ಗಾಬರಿಯಾಗಬೇಡಿ. ಮಾರ್ಕೆಟ್ಟಿನಲ್ಲಿ ಬೆಳಿಗ್ಗೆ ಬಂಗಡೆ ಮಾರುವವರೂ ಕೊಳ್ಳುವವರೂ ಒಂದೇ ಮಾತಿನಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಬೆರೆಸಿ ಚೌಕಾಶಿ ಮುಗಿಸುತ್ತಾರೆ, ಯಾರಿಗೂ ದುಭಾಷಿ ಬೇಕಾಗುವುದಿಲ್ಲ.

ಉತ್ತರದ ನಿರೀಕ್ಷೆಯಲ್ಲಿ,
ತಮ್ಮ ವಿಧೇಯ,
ಕಾಂಗ್ರೆಸ್ ಬಾವಿಯ ಹತ್ತಿರದವನು

ತಾ.ಕ.: ನೀವು ಬರುವುದು ತಡವಾಗುವುದಾದರೆ ಒಂದು ಉಪಕಾರ ಆಗಬೇಕು. ಮುಂದಿನ ರವಿವಾರ ನಮ್ಮ ಹಿಂದಿನ ಓಣಿಯ ಹುಡುಗರು ಒಂದು ಬಾವಿಗೆ ಇಳಿಯುವವರಿದ್ದಾರೆ. ನೀರೆತ್ತುವ ಪಂಪ್ ಇದೆ, ರಾಡಿ ಎಳೆಯುವುದು ಇಲ್ಲ. ನಿಮ್ಮ ಬಂದರುಗಳ ಕಡೆ ಅಂಥದ್ದು ಖಾಲಿ ಇದ್ದರೆ ಶನಿವಾರದ ಚೋರ್ಲಾ ಬಸ್ಸಿನ ಕಂಡಕ್ಟರ ಕೈಯಲ್ಲಿ ಕೊಟ್ಟು ಕಳಿಸಿ. ಲಗೇಜ್ ಚಾರ್ಜು, ಡೀಸೆಲ್ ಎರಡೂ ನಮ್ಮದು. ತೊಳೆದು ಸೋಮವಾರದ ಬಸ್ಸಿಗೆ ಹಾಕುತ್ತೇವೆ.