ಚಳಿಗಾಲದ ಕೂಲರ್

ನಾಗಪುರಕ್ಕೆ ಚಳಿ ಬಂತು ಎಂದು ಹವಾಮಾನ ಇಲಾಖೆಯವರೇ ಹೇಳಬೇಕಾಗಿಲ್ಲ. ರಸ್ತೆ ಬದಿಯಲ್ಲಿ ಕಿತ್ತಳೆ ರಾಶಿ ಬೀಳುತ್ತದೆ. ಮುಂಬಯಿಯಿಂದ ಮಂತ್ರಿಮಹೋದಯರು ಅಧಿವೇಶನಕ್ಕೆ ಬಂದಿಳಿಯುತ್ತಾರೆ. ವರ್ಷಕ್ಕೊಂದು ಅಧಿವೇಶನ ಇಲ್ಲಿಯೇ ನಡೆಯಬೇಕೆಂಬುದು 1953ರ ನಾಗಪುರ ಒಪ್ಪಂದದ ಮಾತು. ಅದಕ್ಕೆ ಡಿಸೆಂಬರನ್ನು ಗೊತ್ತುಮಾಡಿದವರು ಇಲ್ಲಿನ ಮೇ ತಿಂಗಳನ್ನು ಒಮ್ಮೆಯಾದರೂ ಉಂಡವರೇ ಇರಬೇಕು.

ನಾಗಪುರದ ಅಂಚಿನ ನಮ್ಮ ಹಿಂಗಣಾದಲ್ಲಿ ಇನ್ನೊಂದು ಗುರುತೂ ಉಂಟು. ಕಿಟಕಿಗಳಿಗೆ ತಗುಲಿಸಿದ ಕೂಲರ್‌ಗಳು ಮುಸುಕು ಹಾಕಿಕೊಳ್ಳುತ್ತವೆ. ಒಬ್ಬರದ್ದಕ್ಕೆ ಹಳೇ ಸೀರೆ, ಇನ್ನೊಬ್ಬರದ್ದಕ್ಕೆ ಗೊಬ್ಬರದ ಚೀಲ. ಪಕ್ಕದ ಮನೆಯ ಕೂಲರ್‌ಗೆ ಯಾವುದೋ ಚುನಾವಣೆಯ ಫ್ಲೆಕ್ಸ್ ಸುತ್ತಿದ್ದಾರೆ. ಅಭ್ಯರ್ಥಿ ಫಾಲ್ಗುಣದವರೆಗೂ ತಲೆಕೆಳಗಾಗಿ ನಮಗೆ ಕೈಮುಗಿಯುತ್ತಿರುತ್ತಾನೆ. ನಮ್ಮ ಕೂಲರ್‌ಗೆ ಮಾತ್ರ ರಜೆಯಿಲ್ಲ. ಅದು ಚಳಿಗಾಲದಲ್ಲಿ ಬಟ್ಟೆ ಒಣಗಿಸುತ್ತದೆ.

ಊರ ಕಡೆಯವರಿಗೆ ಇದನ್ನು ಹೇಳಿದರೆ ನಗುತ್ತಾರೆ. 2013ರ ಮೇ ತಿಂಗಳಲ್ಲಿ 47.9 ಡಿಗ್ರಿ ಮುಟ್ಟಿದ ಊರಲ್ಲಿ ಬಟ್ಟೆ ಒಣಗುವುದಿಲ್ಲ ಎಂದು ಅಳುವುದೇ? ಆದರೆ ಇದೇ ಊರು 2018ರ ಡಿಸೆಂಬರ್ 29ರಂದು 3.5 ಡಿಗ್ರಿಗೂ ಇಳಿದಿತ್ತು. ಹಾಗೆಂದು ಚಳಿಯ ಮೇಲೆ ತಪ್ಪು ಹೊರಿಸಲೂ ನನಗೆ ಮನಸ್ಸಿಲ್ಲ. ಡಿಸೆಂಬರಿನ ಮಧ್ಯಾಹ್ನ ಇಲ್ಲಿ ಮೋಡವಿಲ್ಲದ, ಒಣಗಾಳಿಯ ಮಧ್ಯಾಹ್ನ. ಬೆಳಿಗ್ಗೆ ತಾರಸಿಯ ಮೇಲೆ ಹರವಿದ ಹತ್ತಿ ಸೀರೆ ಊಟದ ಹೊತ್ತಿಗೆ ಗರಿಗರಿ. ತೊಂದರೆ ಇರುವುದು ನಮ್ಮ ಗಡಿಯಾರದಲ್ಲಿ. ಎಂಐಡಿಸಿ ಕೈಗಾರಿಕಾ ಪ್ರದೇಶದ ಪಾಳಿ ಮುಗಿಸಿ ನಮ್ಮವರೂ, ಕಾಲೇಜು ಮುಗಿಸಿ ನಾನೂ ಮನೆ ಸೇರುವಷ್ಟರಲ್ಲಿ ಸೂರ್ಯ ಮುಳುಗಿರುತ್ತಾನೆ. ಐದೂವರೆ ದಾಟಿದರೆ ಬಿಸಿಲೆಂಬುದಿಲ್ಲ. ಒಗೆಯುವುದೆಲ್ಲ ರಾತ್ರಿ. ರಾತ್ರಿ ಹೊರಗೆ ಹರವಿದರೆ ಬೆಳಿಗ್ಗೆಗೆ ಮಂಜು ಕುಡಿದು ಒಗೆದಾಗಿನದಕ್ಕಿಂತ ತೂಕವಾಗಿರುತ್ತವೆ. ಜನವರಿ ಬಂತೆಂದರೆ ತಾರಸಿಯೇ ನಮ್ಮದಲ್ಲ, ಗಾಳಿಪಟದ ಹುಡುಗರದ್ದು. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದ್ದರೂ, ಸಂಕ್ರಾಂತಿ ವಾರದಲ್ಲಿ ಬಟ್ಟೆ ತಂತಿಗೆ ಸುತ್ತಿಕೊಂಡ ದಾರ ಬಿಡಿಸುವಾಗ ಬೆರಳು ಕುಯ್ದುಕೊಳ್ಳದವರು ನಮ್ಮ ಬೀದಿಯಲ್ಲಿ ಕಡಿಮೆ.

ಉಳಿದ ಬಟ್ಟೆಗಳದ್ದು ಹೇಗೋ ಆಗುತ್ತದೆ. ಆಗದಿರುವುದು ಡಾಂಗ್ರಿಯದ್ದು. ಕಾರ್ಖಾನೆಯ ನೀಲಿ ಸಮವಸ್ತ್ರ, ದಪ್ಪ ಡ್ರಿಲ್ ಬಟ್ಟೆ, ಮೈತುಂಬ ಜೇಬು. ಬೆಳಿಗ್ಗೆ ಐದಕ್ಕೆ ಮುಟ್ಟಿ ನೋಡಿದರೆ ಕಾಲು ಒಣಗಿದೆ, ತೋಳು ಒಣಗಿದೆ, ನಡುಪಟ್ಟಿ ಮಾತ್ರ ಹಸಿ ಹಸಿ. ನಾಲ್ಕು ಪದರದ ಹೊಲಿಗೆ ಸೇರುವ ಜಾಗ ಅದು. ಜೇಬಿನ ಮೂಲೆಯಲ್ಲಿ ಒಂದು ಚಿಟಿಕೆ ಕಬ್ಬಿಣದ ಪುಡಿ, ಅದರ ಸುತ್ತ ಒಂದು ರೂಪಾಯಿಯಷ್ಟಗಲ ಒದ್ದೆ. ಒಳಮಗ್ಗುಲು ಹೊರಗೆ ಮಾಡಿ, ಜೇಬುಗಳನ್ನೆಲ್ಲ ನಾಯಿಯ ನಾಲಿಗೆಯಂತೆ ಹೊರಗೆಳೆದು, ಗುಂಡಿ ಬಿಚ್ಚಿ ನೇತುಹಾಕದೆ ಹೋದರೆ ಅದು ಮೂರು ದಿನವಾದರೂ ಒಣಗುವ ಪೈಕಿಯಲ್ಲ. ಅರೆಬರೆ ಒಣಗಿದ್ದನ್ನು ಮಡಚಿಟ್ಟರಂತೂ ಮುಗ್ಗಲು ವಾಸನೆ. ಈ ವಾಸನೆಗೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಎಂಬ ಬ್ಯಾಕ್ಟೀರಿಯಾ ಎಂದು ಜಪಾನಿನ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟರು. ಹೆಸರು ಗೊತ್ತಾದ ಮೇಲೆ ವಾಸನೆಯೇನೂ ಕಡಿಮೆಯಾಗಲಿಲ್ಲ, ಬೈಯುವುದಕ್ಕೆ ಒಂದು ಹೆಸರು ಸಿಕ್ಕಿತು.

ನಮ್ಮತ್ತೆ ತೀರ್ಥಹಳ್ಳಿ ಕಡೆಯವರು. ಚಳಿಗಾಲಕ್ಕೆ ಮಗನ ಮನೆಗೆ ಬಂದಾಗ ನನ್ನ ಗೋಳು ಕೇಳಿ, "ಅಲ್ಲ ಕಣೇ, ಇದೂ ಒಂದು ಕಷ್ಟ ಅಂತ ಹೇಳ್ತೀಯಲ್ಲ!" ಎಂದರು. ಅವರು ಹಾಗೆನ್ನಬಹುದು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಸುರಿಯುವ ಸೀಮೆ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದೆಂದರೆ ಬಚ್ಚಲೊಲೆಯ ಮೇಲೆ ಕಟ್ಟಿದ ಗಳದಲ್ಲೇ. ಕೂಸಿನ ಬಟ್ಟೆಗಳಿಗೆ ಕೆಂಡದ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಹರವುವುದು. ಶಾಲೆಯಲ್ಲಿ ಎಲ್ಲ ಮಕ್ಕಳ ಮೈಮೇಲೂ ಹೊಗೆ ವಾಸನೆ ಇರುತ್ತಿದ್ದುದರಿಂದ ಯಾರಿಗೂ ಯಾರ ವಾಸನೆಯೂ ಬರುತ್ತಿರಲಿಲ್ಲವಂತೆ.

ಅತ್ತೆ ಒಂದು ಸುತ್ತು ಮನೆ ನೋಡಿ ಕೇಳಿದ್ದು ಗಳ ಎಲ್ಲಿ ಎಂದು. ಹಳೇ ಮನೆಗಳಲ್ಲಿ ಮಡಿಬಟ್ಟೆಗೆಂದೇ ಸೂರಿನ ಹತ್ತಿರ ಒಂದು ಬಿದಿರಿನ ಗಳ, ಅದಕ್ಕೆ ಬಟ್ಟೆ ಏರಿಸಲು ಒಂದು ಕೋಲು ಇರುತ್ತಿತ್ತು. ಯಾರೂ ಮುಟ್ಟಬಾರದೆಂದು ಅಷ್ಟು ಎತ್ತರ. ಮೈಲಿಗೆಯ ಲೆಕ್ಕಾಚಾರವನ್ನು ನಾನು ಒಪ್ಪುವವಳಲ್ಲ, ಆದರೆ ಆ ಗಳದ ಎತ್ತರವನ್ನು ಒಪ್ಪುತ್ತೇನೆ. ಮನೆಯೊಳಗಿನ ಬಿಸಿಗಾಳಿ ಮೇಲಕ್ಕೇ ಏರುವುದು. ನೆಲದ ಮೇಲಿನ ಸ್ಟ್ಯಾಂಡಿನಲ್ಲಿ ನಡುಗುವ ಟವೆಲು ಸೂರಿನ ಕೆಳಗೆ ಬೇಗ ಒಣಗುತ್ತದೆ. ಲ್ಯಾಂಕಶೈರ್‌ನ ಗಿರಣಿ ಕೆಲಸಗಾರರ ಅಡುಗೆಮನೆಗಳಲ್ಲೂ ರಾಟೆ ಹಗ್ಗದಿಂದ ಸೂರಿಗೆ ಏರಿಸುವ ಮರದ ಚೌಕಟ್ಟು ಇರುತ್ತಿತ್ತು. ಅವರಿಗೆ ಮಡಿಯ ಗೊಡವೆ ಇರಲಿಲ್ಲ, ಕೆಳಗೆ ಇದ್ದಲೊಲೆ ಇತ್ತು ಅಷ್ಟೆ. ಈಗ ನಾವೂ ಆರು ಸ್ಟೀಲ್ ಪೈಪಿನ, ಹಗ್ಗ ಎಳೆದರೆ ಏರುವ ಒಂದನ್ನು ಹಾಕಿಸಿದ್ದೇವೆ. ಗೋಡೆಯ ಕಡೆಯ ಪೈಪು ಯಾರಿಗೂ ಬೇಡ, ನಡುವಿನದ್ದು ಎಲ್ಲರಿಗೂ ಬೇಕು. ಮನೆಯಲ್ಲಿ ಯಾರ ಮಾತು ನಡೆಯುತ್ತದೆಂದು ತಿಳಿಯಬೇಕಾದವರು ಅಲ್ಲಿ ತೂಗುತ್ತಿರುವುದು ಯಾರ ಬಟ್ಟೆ ಎಂದು ನೋಡಿದರೆ ಸಾಕು.

ಒಣಹಾಕುವುದಕ್ಕಿಂತ ಮೊದಲು ಹಿಂಡುವ ಮಾತು. ಒಂದು ಲೀಟರ್ ನೀರನ್ನು ಬರೀ ಕರೆಂಟಿನ ಶಾಖದಿಂದ ಆವಿ ಮಾಡಲು ಸುಮಾರು ಮುಕ್ಕಾಲು ಯೂನಿಟ್ ಬೇಕು. ಅದೇ ನೀರಿನ ಒಂದು ಪಾಲನ್ನು ಮೆಷಿನ್ನಿನ ಇನ್ನೊಂದು ಸುತ್ತಿನ ತಿರುಗಾಟ ಪೈಸೆ ಲೆಕ್ಕದ ಕರೆಂಟಿನಲ್ಲಿ ಚೆಲ್ಲಿಬಿಡುತ್ತದೆ. ಹೀಟರ್ ಹಚ್ಚಿ ಬಟ್ಟೆ ಒಣಗಿಸುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಅತ್ತೆಗೆ ಮೆಷಿನ್ನಿನ ಮೇಲೂ ನಂಬಿಕೆ ಸಾಲದು. ಅದು ಹಿಂಡಿಕೊಟ್ಟ ಪಂಚೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿಯಿಂದ ನುಲಿಯುತ್ತಾರೆ. ಎರಡು ಹನಿಯಾದರೂ ಬೀಳುತ್ತದೆ. ಆ ಎರಡು ಹನಿಯನ್ನು ನನಗೆ ತೋರಿಸುತ್ತಾರೆ.

ಇನ್ನು ಕೂಲರ್. ಬೇಸಿಗೆಯಲ್ಲಿ ಅದು ಮಾಡುವುದೇನು? ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆಯುತ್ತದೆ, ನೀರು ಆವಿಯಾಗುತ್ತಾ ಗಾಳಿಯ ಬಿಸಿ ಹೀರುತ್ತದೆ. ಚಳಿಗಾಲದಲ್ಲಿ ಮಲಗುವ ಕೋಣೆಯ ತುಂಬ ಒದ್ದೆ ಬಟ್ಟೆ ನೇತುಹಾಕಿದವರು ತಮಗೇ ತಿಳಿಯದೆ ಅದೇ ಕೆಲಸ ಮಾಡುತ್ತಿರುತ್ತಾರೆ. ಕೋಣೆಯೇ ಕೂಲರ್ ಆಗಿ, ಎರಡೆರಡು ರಜಾಯಿ ಹೊದ್ದು ನಡುಗುತ್ತಾರೆ. ಅದಕ್ಕೇ ನಮ್ಮ ಬಟ್ಟೆ ಹಜಾರದಲ್ಲಿ, ನಾವು ಬಾಗಿಲು ಮುಚ್ಚಿ ಒಳಗೆ.

ಹುಲ್ಲಿನ ಪ್ಯಾಡುಗಳನ್ನು ಬಿಚ್ಚಿ ತೆಗೆದಿಟ್ಟು, ನೀರಿನ ಪಂಪನ್ನು ಕಳಚಿ, ಬರೀ ಫ್ಯಾನನ್ನು ಓಡಿಸುವುದು. ಪ್ಯಾಡು ಬಿಚ್ಚದೆ ಓಡಿಸಿದರೆ ಬೇಸಿಗೆಯ ಧೂಳೆಲ್ಲ ಬಿಳಿ ಪಂಚೆಯ ಮೇಲೆ. ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿರಬೇಕು, ಇಲ್ಲದಿದ್ದರೆ ಬಟ್ಟೆ ಬಿಟ್ಟ ನೀರು ಗೋಡೆಗೆ ಹೋಗಿ ಕೂರುತ್ತದೆ. "ತಣ್ಣನೆ ಗಾಳಿಯಲ್ಲಿ ಒಣಗುತ್ತದೆಯೇ?" ಎಂದು ಕೇಳುವವರುಂಟು. 10 ಡಿಗ್ರಿಯ ಗಾಳಿ ಘನ ಮೀಟರಿಗೆ 9 ಗ್ರಾಂ ಚಿಲ್ಲರೆ ನೀರಾವಿಯನ್ನಷ್ಟೇ ಹೊರಬಲ್ಲದು, ನಿಜ. ಆದರೆ ಅದೇ ಗಾಳಿ ಒಳಗೆ ಬಂದು 22 ಡಿಗ್ರಿಗೆ ಬೆಚ್ಚಗಾದರೆ 19 ಗ್ರಾಂ ಹೊರುತ್ತದೆ. ಹೊರಗಿನಿಂದ ಅರ್ಧ ಹೊಟ್ಟೆಯಲ್ಲಿ ಬಂದ ಗಾಳಿ ನಮ್ಮ ಡಾಂಗ್ರಿಯನ್ನು ಹೀರದೆ ಬಿಡುವುದಿಲ್ಲ. ಫ್ಯಾನು ಮೂರು ಗಂಟೆ ಓಡಿದರೂ ಖರ್ಚಾಗುವುದು ಅರ್ಧ ಯೂನಿಟ್ಟಿನ ಆಸುಪಾಸು. ಪಕ್ಕದ ಮನೆಯ ಕಾಕೂ ಮೊದಮೊದಲು ಡಿಸೆಂಬರಿನಲ್ಲಿ ಕೂಲರ್ ಸದ್ದು ಕೇಳಿ, ಜ್ವರ ಯಾರಿಗೆ ಬಂದಿದೆ ಎಂದು ವಿಚಾರಿಸಿಕೊಂಡು ಹೋಗಿದ್ದರು. ಈಗ ಗೋಡೆಯಾಚೆಯಿಂದಲೇ "ಕಪಡೇ ವಾಳ್‌ಲೇ ಕಾ?", ಬಟ್ಟೆ ಒಣಗಿದವೇ, ಎಂದು ಕೇಳುತ್ತಾರೆ. ಅವರ ಮನೆಯ ಫ್ಲೆಕ್ಸೂ ಮೊನ್ನೆ ಇಳಿದಿದೆ.

ಚಿಲ್ಲರೆ ಬಟ್ಟೆಗಳಿಗೆ ಚಿಲ್ಲರೆ ಜಾಗಗಳು. ಹಳೇ ಫ್ರಿಜ್ಜಿನ ಬೆನ್ನಿನ ಕರಿಯ ಕಂಬಿಗಳ ಮೇಲೆ ಕಾಲುಚೀಲ ಹಾಕುವ ವಿದ್ಯೆ ಫ್ರಿಜ್ಜಿಗೆ ಒಳ್ಳೆಯದಲ್ಲ. ಬಿಸಿ ಹೋಗಲು ದಾರಿಯಿಲ್ಲದೆ ಅದು ಇನ್ನಷ್ಟು ಕರೆಂಟು ತಿನ್ನುತ್ತದೆ. ಒದ್ದೆ ಶರ್ಟಿಗೆ ಇಸ್ತ್ರಿ ಹಾಕಿ ಚುಸ್ ಎನ್ನಿಸುವುದೂ ದುಬಾರಿಯೇ. ದಕ್ಷಿಣದ ಕಿಟಕಿ ಇದ್ದವರು ಪುಣ್ಯವಂತರು. ಡಿಸೆಂಬರ್ ನಡುಹಗಲಿನ ಸೂರ್ಯ ಇಲ್ಲಿ ಆಕಾಶದ ಅರ್ಧಕ್ಕಷ್ಟೇ ಏರುವುದರಿಂದ, ಕಿಟಕಿ ಎಷ್ಟು ಎತ್ತರವೋ ಬಿಸಿಲು ಅಷ್ಟೇ ಉದ್ದಕ್ಕೆ ಮನೆಯೊಳಗೆ ಚಾಚುತ್ತದೆ. ಭಾನುವಾರ ಆ ಚೌಕದಲ್ಲಿ ಕುರ್ಚಿಯೊಂದನ್ನು ಇಟ್ಟು ಸ್ವೆಟರ್ ಹರವಿದರೆ ಬಿಸಿಲಿನ ಜೊತೆ ಕುರ್ಚಿಯನ್ನೂ ಸರಿಸುತ್ತಿರಬೇಕು. ಆ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಡುವುದಿಲ್ಲ.

ನಮ್ಮವರಿಗೆ ಈ ಸಾಹಸಗಳೆಲ್ಲ ಸಾಕಾಗಿ, ಬಟ್ಟೆ ಒಣಗಿಸುವ ಮೆಷಿನ್ನನ್ನೇ ತಂದುಬಿಡೋಣವೆಂದು ನಮ್ಮಿಬ್ಬರನ್ನೂ ಅಂಗಡಿಗೆ ಕರೆದೊಯ್ದರು. ಒಂದು ಹೊರೆಗೆ ಎರಡು ಮೂರು ಯೂನಿಟ್ ಎಂದು ಕೇಳಿದಾಗಲೇ ನಾನು ಬಾಗಿಲ ಕಡೆ ತಿರುಗಿದ್ದೆ. ಅತ್ತೆ ಮಾತ್ರ ಅದರ ಗಾಜಿನ ಬಾಗಿಲು ತೆರೆದು, ಒಳಗೆ ಕೈಹಾಕಿ ಸವರಿ, ಮಗನಿಗೆ ಹೇಳಿದರು: "ಹಲಸಿನ ಹಪ್ಪಳ ಒಣಗತ್ತಾ ಕೇಳು." ನಮ್ಮವರು ಮುಖ ಕೆಂಪಾಗಿಸಿಕೊಂಡು ಅದನ್ನು ಮರಾಠಿಯಲ್ಲಿ ಕೇಳಿದರು. ಅಂಗಡಿಯ ಹುಡುಗ ನಗಲಿಲ್ಲ. ಕೈಪಿಡಿ ತೆಗೆದು ಹಾಳೆ ಮಗುಚುತ್ತಾ ನಿಂತ.