ಚನ್ನಮ್ಮ ಸರ್ಕಲ್ ಕಾಕಾ

ಹುಬ್ಬಳ್ಳಿ-ಧಾರವಾಡದ ಓಣಿಗೊಬ್ಬರಂತೆ ಈ ಕಾಕಾ ಇದ್ದೇ ಇರುತ್ತಾರೆ. ಹೆಸರು ಬೇರೆ ಬೇರೆ, ಅಳತೆಗೋಲು ಒಂದೇ: ಚನ್ನಮ್ಮ ಸರ್ಕಲ್. ತಾಜಮಹಲು ನೋಡಿ ಬಂದರೂ "ಛಲೋ ಐತಿ, ಖರೆ ಮುಂದ ಒಂದು ಸರ್ಕಲ್ ಇಲ್ಲ ನೋಡು" ಎಂದು ಮರುಗುವವರು.

ನಮ್ಮ ಓಣಿಯ ಕಾಕಾ ದಸರೆ ಸೂಟಿಗೆ ಮನೆಮಂದಿಯನ್ನೆಲ್ಲ ಕ್ರೂಸರ್‌ನಲ್ಲಿ ತುಂಬಿಕೊಂಡು ಮಡಿಕೇರಿಗೆ ಹೋದರು. ರಾಜಾಸೀಟು, ಅಬ್ಬಿ ಜಲಪಾತ ಮಕ್ಕಳಿಗೆ ಬಿಟ್ಟದ್ದು. ತಾವು ನೆಟ್ಟಗೆ ಜನರಲ್ ತಿಮ್ಮಯ್ಯ ವೃತ್ತಕ್ಕೆ ಬಂದು, ಟೊಂಕದ ಮೇಲೆ ಕೈಯಿಟ್ಟು ನಿಂತರು.

"ಇಷ್ಟ ಏನೋ?"

ಈ ಕಡೆಯಿಂದ ಆ ಕಡೆ ದಾಟಿದರು. ತಿರುಗಿ ದಾಟಿ ಬಂದರು. "ಮೈಗೆ ಬೆವರಿಲ್ಲ, ಒಬ್ಬ ಆಟೋದಾಂವ ಬೈಲಿಲ್ಲ. ಇದೆಂಥಾ ಸರ್ಕಲ್ಲೋ ಮಾರಾಯಾ!"

ಆಮೇಲೆ ಪ್ರತಿಮೆಯ ಪರೀಕ್ಷೆ. 1953ರಲ್ಲಿ ಕೊರಿಯಾದ ಯುದ್ಧಕೈದಿಗಳ ಆಯೋಗದ ಅಧ್ಯಕ್ಷರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರು ಎಂದು ಮಗಳು ಫೋನ್ ನೋಡಿ ಓದಿದಳು. ಕಾಕಾ ಎಲ್ಲ ಕೇಳಿ ತಲೆದೂಗಿ, "ಖರೆ. ಕುದರಿ ಎಲ್ಲೈತಿ?" ಎಂದರು. ಖಡ್ಗ ಹಿಡಿದು ಕುದುರೆಯೇರಿದ ರಾಣಿಯನ್ನು ದಿನಾ ನೋಡುವ ಕಣ್ಣಲ್ಲವೇ!

"ಅವರ ಕಾಲಕ್ಕೆ ಜೀಪ್ ಬಂದಿತ್ತು ಸರ್" ಎಂದರು ಪಕ್ಕದ ಅಂಗಡಿಯವರು.

ಕಾಕಾ ಉತ್ತರ ಹುಡುಕುವಷ್ಟರಲ್ಲಿ ಅವರು ಕಾರ್ಯಪ್ಪನವರಿಗೆ ದಾಟಿಯಾಗಿತ್ತು. 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ, ಆ ದಿನವೇ ಸೇನಾ ದಿನ, ಅವರೂ ಕೊಡಗಿನವರೇ. "ನಮ್ಮಲ್ಲೆ ಸಾಹಿತಿಗಳು ಅದಾರ್ರೀ ಸಾಹೇಬ್ರ, ಓಣಿಗೊಬ್ರು" ಎಂದು ಕಾಕಾ ಲೆಕ್ಕ ಸಮ ಮಾಡಿದರು.

ಕಾಕಾ ನಿಜವಾಗಿ ಸೋತದ್ದು ಖಡಕ್ ರೊಟ್ಟಿಯ ವಿಷಯದಲ್ಲಿ. ಕಾಕು ಡಬ್ಬಿಗಟ್ಟಲೆ ಕಟ್ಟಿ ತಂದ ರೊಟ್ಟಿ. 1,100 ಮೀಟರಿಗೂ ಎತ್ತರದ ಊರು, ಮೇಲೆ ಮಂಜು. ಯಾರೋ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ, ಬೆಳಗಾಗುವುದರೊಳಗೆ ರೊಟ್ಟಿ ಕರವಸ್ತ್ರದ ಹಾಗೆ ಮಡಚತೊಡಗಿತು. ಮುರಿದರೆ ಸಪ್ಪಳವಿಲ್ಲ. ಕಾಕಾ ಒಂದು ತಾಸು ಯಾರೊಂದಿಗೂ ಮಾತಾಡಲಿಲ್ಲ. ಶೇಂಗಾ ಚಟ್ನಿಯೊಂದು ಮನೆತನದ ಮರ್ಯಾದೆ ಕಾಯಿತು.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ಇದು. ಅದರ ನಟ್ಟನಡುವೆ ನಿಂತು ಕಾಕಾ ಕೇಳಿದ್ದು, "ತಮ್ಮಾ, ಚಾ ಸಿಗತೈತೇನು?" ಹುಡುಗ ಕಾಫಿ ಕೊಟ್ಟ. ಬೈದುಕೊಳ್ಳುತ್ತ ಕುಡಿದರು. ಇನ್ನೊಂದು ಹೇಳಿದರು. ಅದನ್ನು ಬೈಯದೆ ಕುಡಿದು, ಎರಡು ಕಿಲೋ ಪುಡಿ ಕಟ್ಟಿಸಿದರು. ತಮಗಲ್ಲವಂತೆ, ಬೀಗರಿಗಂತೆ. ಈಗ ಕಾಕಾನ ಮನೆಯಲ್ಲಿ ಬೆಳಗಿನ ಹೊತ್ತು ಕಾಫಿಯ ವಾಸನೆ ಬರುತ್ತದೆ. ಬೀಗರು ಇರುವುದು ಗದಗಿನಲ್ಲಿ.

ಮಡಿಕೇರಿಯ ಅಂಗಡಿಯವರಲ್ಲಿ ಒಂದು ವಿನಂತಿ. ಕೆಎ-25, ಕೆಎ-63 ನಂಬರಿನ ಗಾಡಿ ಬಂದು ನಿಂತರೆ ವಾದಕ್ಕಿಳಿಯಬೇಡಿ. ಚನ್ನಮ್ಮ ಸರ್ಕಲ್ಲೇ ದೊಡ್ಡದು ಎಂದು ಮೊದಲೇ ಒಪ್ಪಿಬಿಡಿ. ಪುಡಿ ಇನ್ನೂ ಎರಡು ಕಿಲೋ ಹೆಚ್ಚಿಗೆ ಹೋಗುತ್ತದೆ.