ಹವ್ಯಾಸಿ ಸಿಎನ್‌ಸಿಗೆ ಮೋಟರು ವೈರು: ಆದೋನಿ ಸೀಮೆಯವರಿಗೆ ಕೈಪಿಡಿ

ಈ ಕೈಪಿಡಿ ಆದೋನಿ, ಆಲೂರು, ಕೌತಾಳಂ, ಕೋಸಿಗಿ, ಎಮ್ಮಿಗನೂರು ಕಡೆಯವರಿಗೆ. ಬೇರೆ ಊರಿನವರೂ ಓದಬಹುದು; ಆದರೆ ಜಿನ್ನಿಂಗ್ ಮಿಲ್ಲಿನ ಅರಳೆ ನಾರು, ಮೇ ತಿಂಗಳ ಬಿಸಿಲು ಮತ್ತು ಇಲಿಗಳನ್ನು ಅವರೇ ಹೊಂದಿಸಿಕೊಳ್ಳತಕ್ಕದ್ದು.

ಹಂತ 1: ಹಿರಿಯರನ್ನು ನಿಭಾಯಿಸಿ

57 ಮಿ.ಮೀ. ಚೌಕದ ನೀಮಾ 23 ಸ್ಟೆಪ್ಪರ್ ಮೋಟರನ್ನು ಡಬ್ಬದಿಂದ ಹೊರಗಿಟ್ಟ ಗಳಿಗೆಯಲ್ಲೇ, ಬೋರ್‌ವೆಲ್ಲಿಗೆ ಜೀವಮಾನವೆಲ್ಲ ವೈರು ಎಳೆದ ಹಿರಿಯರೊಬ್ಬರು ಬಂದು ನಿಲ್ಲುತ್ತಾರೆ. ನೀವು ತಂದ ವೈರನ್ನು ಬೆರಳಲ್ಲಿ ಹೊಸಕಿ, "ತಮ್ಮಾ, ಇದೇನು ಮಗ್ಗಕ್ಕ ನೂಲು ತಂದೀಯೇನು? ಎರಡೂವರೆ ಹಾಕಪ್ಪ" ಅನ್ನುತ್ತಾರೆ. ವಾದ ಬೇಡ. ಅವರ ಮೋಟರಿಗೆ ಅವರ ಮಾತು ನೂರಕ್ಕೆ ನೂರು ಸರಿ: ಬೋರು ಹೊಲದ ಆಚೆ ತುದಿಯಲ್ಲಿ, ವೋಲ್ಟೇಜು ಮೊದಲೇ ಬಿದ್ದಿರುತ್ತದೆ, ತೆಳು ವೈರಿನಲ್ಲಿ ಇನ್ನಷ್ಟು ಬಿದ್ದು ಮೋಟರು ಸುಡುತ್ತದೆ. ನಿಮ್ಮ ಯಂತ್ರಕ್ಕೆ ಮೋಟರಿನಿಂದ ಡ್ರೈವರಿಗೆ ಐದು ಮೀಟರು ಬಂದರೆ ಹೆಚ್ಚು. ಚಹಾ ಕೊಟ್ಟು ಕೂರಿಸಿ ಲೆಕ್ಕ ಹೇಳಿ. 0.75 ಚದರ ಮಿ.ಮೀ. ತಾಮ್ರದ ಫ್ಲೆಕ್ಸಿಬಲ್ ವೈರಿನ ರೋಧ ಕಿಲೋಮೀಟರಿಗೆ 26 ಓಮ್. ಹೋಗಿ ಬರುವ 10 ಮೀಟರಿಗೆ 0.26. ಮೂರು ಆಂಪಿಯರ್ ಹರಿದರೆ ನಷ್ಟ ಮುಕ್ಕಾಲು ವೋಲ್ಟು; ನಮ್ಮ ಬಿಸಿಲಿಗೆಂದು ಹತ್ತು ಪರ್ಸೆಂಟು ಸೇರಿಸಿ. ಸಪ್ಲೈ 36 ವೋಲ್ಟಿನದು. ಸಾಲದ್ದಕ್ಕೆ ಡ್ರೈವರು ವೋಲ್ಟೇಜು ನೋಡಿ ಕೊಡುವ ಜಾತಿಯದಲ್ಲ, ಕರೆಂಟನ್ನು ಅಳೆದು ಕೊಡುತ್ತದೆ; ವೈರಿನಲ್ಲಿ ಕಳೆದದ್ದನ್ನು ತಾನೇ ತುಂಬಿಕೊಳ್ಳುತ್ತದೆ.

ಹಿರಿಯರು ಒಪ್ಪುವುದಿಲ್ಲ. ಮುಂದಿನ ಹಂತಕ್ಕೆ ಹೋಗಿ.

ಹಂತ 2: ಬಾಗಿಸಿ ನೋಡಿ

ಪಂಪಿನ ವೈರು ಒಮ್ಮೆ ಮಲಗಿದರೆ ಮಲಗಿತು. ಇಲ್ಲಿ ಅದು ಕೇಬಲ್ ಚೈನಿನೊಳಗೆ ದಿನವಿಡೀ ಬಾಗಿ ಏಳಬೇಕು. ಒಂಟಿ ತಂತಿಯ ವೈರಾದರೆ ಮೇಲಿನ ಪ್ಲಾಸ್ಟಿಕ್ಕು ನೆಟ್ಟಗಿದ್ದೇ ಒಳಗೆ ತಾಮ್ರ ಮುರಿಯುತ್ತದೆ, ಒಮ್ಮೆ ತಾಗುತ್ತದೆ, ಒಮ್ಮೆ ಇಲ್ಲ. ಮೋಟರು ಹೆಜ್ಜೆ ತಪ್ಪುತ್ತದೆ. ಕರೆಂಟು ಹರಿಯುವಾಗಲೇ ಕಾಯಿಲ್ ಕಡಿದರೆ ಡ್ರೈವರೂ ಹೋಗಬಹುದು. ಆದ್ದರಿಂದ ದಪ್ಪ ಕೇಳಬೇಡಿ, ಸಣ್ಣ ಎಳೆಗಳು ಹೆಚ್ಚಿರುವುದನ್ನು ಕೇಳಿ: ನಾಲ್ಕು ಕೋರು, ಶೀಲ್ಡ್ ಇರುವುದು, ಚೈನಿಗೆಂದೇ ಮಾಡಿದ್ದು. ಊರಲ್ಲಿ ಸಿಗದಿದ್ದರೆ ಬಳ್ಳಾರಿ ಬಸ್ಸು ಹತ್ತಿ. 1953ರ ಅಕ್ಟೋಬರ್ 1ರಂದು ನಮ್ಮನ್ನು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿಸಿದರು. ಸಂತೆಯ ದಾರಿಯನ್ನು ಯಾರೂ ಸೇರಿಸಲಿಲ್ಲ.

ಹಂತ 3: ಬಣ್ಣ ನಂಬಬೇಡಿ

ಕೆಂಪು, ಹಸಿರು, ಹಳದಿ, ನೀಲಿಗಳಲ್ಲಿ ಯಾವುದಕ್ಕೆ ಯಾವುದು ಜೋಡಿ ಎಂಬುದು ತಯಾರಕರ ಮರ್ಜಿ. ಯಾವುದಾದರೂ ಎರಡು ತುದಿ ಕೂಡಿಸಿ, ಕೈಯಲ್ಲಿ ಮೋಟರಿನ ದಂಡ ತಿರುಗಿಸಿ. ಬಿಗಿಯಾದರೆ ಅದೇ ಒಂದು ಕಾಯಿಲ್. ಎಂಟು ವೈರಿನ ಮೋಟರಾದರೆ, ವೇಗ ಬೇಕಿದ್ದವರು ಪ್ಯಾರಲಲ್ ಕಟ್ಟಿಕೊಳ್ಳಿ. ಡ್ರೈವರು ಹೆಚ್ಚು ಆಂಪಿಯರ್ ಕೊಡಬೇಕಾಗುತ್ತದೆ.

ಹಂತ 4: ಸ್ಪಿಂಡಲ್ಲನ್ನು ದೂರವಿಡಿ

ನಿಜವಾದ ತಂಟೆಕೋರ ಇದು. ನಿಮಿಷಕ್ಕೆ 24,000 ಸುತ್ತಿನ ಸ್ಪಿಂಡಲ್ಲಿಗೆ, ಅದರ ವೇಗ ನಿಯಂತ್ರಿಸುವ ವಿಎಫ್‌ಡಿ 400 ಹರ್ಟ್ಸ್ ಕೊಡುತ್ತದೆ. ಅದನ್ನು ಕೊಡಲು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ ಕತ್ತರಿಸಿ ಬಿಡುತ್ತದೆ. ಆ ಗದ್ದಲ ಪಕ್ಕದ ಲಿಮಿಟ್ ಸ್ವಿಚ್ಚಿನ ವೈರಿಗೆ ಹತ್ತಿದರೆ, ಯಂತ್ರ ಅಂಚು ಮುಟ್ಟಿದೆನೆಂದು ತಿಳಿದು ನಿಲ್ಲುತ್ತದೆ. ಮಂತ್ರಾಲಯದ ಅಂಗಡಿಗೆಂದು ತೇಗದಲ್ಲಿ 'ಶ್ರೀ ರಾಘವೇಂದ್ರ' ಕೊರೆಯುತ್ತಿದ್ದವರ ಹಲಗೆ 'ಶ್ರೀ ರಾಘ'ಕ್ಕೇ ಮುಗಿಯುತ್ತದೆ. ಗಿರಾಕಿ ರಾಯರ ಇಚ್ಛೆ ಅಂದುಕೊಳ್ಳುವುದಿಲ್ಲ. ಸ್ಪಿಂಡಲ್ಲಿನ ಕೇಬಲ್ಲಿಗೆ ಬೇರೆ ದಾರಿ ಮಾಡಿ. ಸ್ಟೆಪ್ಪರ್ ಕೇಬಲ್ಲಿನ ಶೀಲ್ಡನ್ನು ಡ್ರೈವರಿನ ಕಡೆಯ ತುದಿಯಲ್ಲಿ ಮಾತ್ರ ಅರ್ತಿಂಗ್ ಮಾಡಿ. ಯಂತ್ರದ ಕಬ್ಬಿಣದ ಚೌಕಟ್ಟಿಗೂ ಅರ್ತಿಂಗ್ ಬೇಕು; ಹಿರಿಯರ ಎರಡೂವರೆಯನ್ನು ಅದಕ್ಕೆ ಹಾಕಿ. ಅವರ ಮುಖ ಅರಳುತ್ತದೆ, ಕೆಲಸವೂ ಸರಿಯಾಗುತ್ತದೆ.

ಎಚ್ಚರಿಕೆಗಳು

ಹತ್ತಿ ಬರುವ ತಿಂಗಳುಗಳಲ್ಲಿ ಡ್ರೈವರ್ ಡಬ್ಬದ ಫ್ಯಾನು ನಾರನ್ನು ಎಳೆದು ಹಾಸಿಗೆ ಮಾಡಿಕೊಳ್ಳುತ್ತದೆ. ಜಾಲರಿ ಹಾಕಿ, ವಾರಕ್ಕೊಮ್ಮೆ ಊದಿ. ನಾರೂ ಮರದ ಹುಡಿಯೂ ಕಿಡಿಗೆ ಕಾದಿರುತ್ತವೆ. ವೈರುಗಳನ್ನು ಪೈಪಿನೊಳಗೆ ಸೇರಿಸಿ, ಇಲಿಗಳಿಗೆ ಬಾಗುವ ವೈರು ಇನ್ನೂ ಮೃದು.

ಡ್ರೈವರು ಚಾಲೂ ಇರುವಾಗ ಮೋಟರಿನ ಕನೆಕ್ಟರ್ ಕೀಳಬೇಡಿ. ಕರೆಂಟು ಹೋಗಿದೆ, ಈಗ ಕೀಳಬಹುದಲ್ಲ ಅನ್ನುವವರು ಮೊದಲು ಮೇನ್ ಸ್ವಿಚ್ಚು ಆರಿಸಿ. ಕರೆಂಟು ತಿರುಗಿ ಬಂದಾಗ ಯಂತ್ರಕ್ಕೆ ತಾನು ಎಲ್ಲಿದ್ದೆನೆಂಬ ನೆನಪಿರುವುದಿಲ್ಲ. ಹೋಮ್‌ಗೆ ಕಳಿಸಿ, ಆಮೇಲೆ ಹಲಗೆ ಮುಟ್ಟಿ.